ಮೂಗುಬಟ್ಟಿನ ಹನಿವಜ್ರ

1991ರ ಮೇ 14, ನಿಪ್ಪಾಣಿ. ಬೆಳಿಗ್ಗೆ 10:10ಕ್ಕೆ ತಂಗಿ ಪದ್ಮಾಳ ಮೂಗುಬಟ್ಟಿಗೆಂದು ಕಾಕಾ ಮತ್ತು ನಾನು ಧನಪಾಲಶೇಟರ ಒಡವೆ ಅಂಗಡಿಯಲ್ಲಿ ಹನಿಯಾಕಾರದ ವಜ್ರವೊಂದನ್ನು ನೋಡಿದೆವು. 10:15ಕ್ಕೆ ಭೂತಗನ್ನಡಿ ಹಿಡಿದೆ. ಎರಡೂ ಬದಿಯ ಬಾಗು ಸಮ, ತುದಿ ನೇರ. ನಡುವೆ ಮಾತ್ರ ಕಪ್ಪು ನೆರಳು. ಕಟಿಂಗ್ ಸರಿಯಿಲ್ಲದಿದ್ದರೆ ನೋಡುವವನ ತಲೆಯೇ ಹಾಗೆ ನೆರಳಾಗಿ ಕಾಣುತ್ತದೆ; ತಲೆ ಅಲುಗಿದರೆ ಅದೂ ಅಲುಗುತ್ತದೆ. ನಾನು ಅಲುಗಲಿಲ್ಲ. ಅದು ಅಲುಗಿತು.

"ಯಾರ ಮೂಗಿಂದ ತಗದದ್ರಿ ಇದು?" ಎಂದೆ.

"ಬಿಎಸ್ಸಿ ಸಾಹೇಬ್ರು ಕಲ್ಲಿಂದೂ ಜಾತಕ ಕೇಳಾಕತ್ತಾರ ನೋಡ್ರಿ," ಎಂದು ಶೇಟರು ನಕ್ಕರು.

ನನ್ನ ಕಾಕಾ ಭೀಮಗೊಂಡರೂ ನಕ್ಕರು. "ನಾಳಿದ್ದ ಲಗ್ನ ಐತಿ. ಸುಮ್ನ ತಗೊಳ್ಳೂಣು ಬಾರಲೇ."

ನನಗೆ ಮೈಯೆಲ್ಲ ಉರಿಯಿತು. ಕೇಳಿದ್ದಕ್ಕೆ ಉತ್ತರ ಕೊಡದವರನ್ನು ನಂಬಿ ತಂಗಿಯ ಮುಖಕ್ಕೆ ಇದನ್ನು ಏರಿಸಬೇಕೇ?

10:25ಕ್ಕೆ ಉಸಿರಿನ ಪರೀಕ್ಷೆ ಮಾಡಿದೆ. ನಿಜವಾದ ವಜ್ರದ ಮೇಲೆ ಊದಿದ ಹಬೆ ಕ್ಷಣದಲ್ಲಿ ಆರುತ್ತದೆ. ಆರಿತು. ನಾನು ಮತ್ತೆ ಊದುವ ಮೊದಲೇ ಹಬೆ ಮೂಡಿತು, ಆರಿತು, ಮತ್ತೆ ಮೂಡಿತು. ಯಾರ ಉಸಿರೂ ತಾಗದಂತೆ ಸಿಟ್ಟಿನಿಂದ ಅದರ ಮೇಲೆ ಗಾಜಿನ ಲೋಟವೊಂದನ್ನು ಬೋರಲು ಹಾಕಿ, ಇಬ್ಬರಿಗೂ ತೋರಿಸಿದೆ. ನಗು ನಿಂತಿತು. ಕಾಕಾ ಬಿಚ್ಚಿದ್ದ ಹಣದ ಚೀಲವನ್ನು ಮತ್ತೆ ಕಟ್ಟಿದರು. ನಾನು ಗಡಿಯಾರ ನೋಡುತ್ತ ಎಣಿಸಿದೆ. ಮನುಷ್ಯ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತಾನೆ.

ಲೋಟದೊಳಗಿನ ವಜ್ರ ನಿಮಿಷಕ್ಕೆ ಹದಿನೆಂಟು ಸಲ ಹಬೆಯಿಂದ ಮಸುಕಾಗುತ್ತಿತ್ತು.