ಬೆಳಗಾಗುವಷ್ಟರಲ್ಲಿ ಸತ್ತ ಬ್ಯಾಟರಿ

ಮಲ್ಲೇಶ್ ಕೀಲಿ ತಿರುಗಿಸಿದ. ದೀಪವಿಲ್ಲ. ಹಾರ್ನ್ ಇಲ್ಲ. ಕಿಕ್ ಹೊಡೆದ — ಎಂಜಿನ್ ಕೆಮ್ಮಲೂ ಇಲ್ಲ. ಮೂರನೇ ಹೊಸ ಬ್ಯಾಟರಿಯೂ ಕೊಟ್ಟಿಗೆಯಲ್ಲಿ ನಿಂತಲ್ಲೇ ಸತ್ತಿತ್ತು.

ಬ್ಯಾಟರಿ ಬಿಚ್ಚಿಕೊಂಡು ತನ್ನೂರು ಉಡಿಗಾಲದಿಂದ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದವನು ಮೆಕ್ಯಾನಿಕ್ ಸುಧಾಕರನ ಕೊರಳಪಟ್ಟಿ ಹಿಡಿದ. ಹಳೆಯ ಬ್ಯಾಟರಿಗೆ ಹೊಸ ಸ್ಟಿಕ್ಕರ್ ಅಂಟಿಸಿ ಮಾರುತ್ತಾನೆಂದು ಠಾಣೆಯಲ್ಲಿ ದೂರು ಕೊಟ್ಟ. ಸುದ್ದಿ ಹಬ್ಬಿತು. ಸುಧಾಕರನ ಅಂಗಡಿಗೆ ಗಿರಾಕಿಗಳು ಬರುವುದು ನಿಂತಿತು.

ನಾಲ್ಕು ದಿನದ ಮೇಲೆ ಎಎಸ್‌ಐ ಶಿವರಂಜಿನಿ ಸುಧಾಕರನನ್ನು ಮಲ್ಲೇಶನ ಮನೆಗೇ ಕರೆತಂದಳು. ಹಿತ್ತಿಲ ಕೊಟ್ಟಿಗೆಯಲ್ಲಿ ಬೈಕು. ಮಲ್ಲೇಶನ ತಾಯಿ ದೊಡ್ಡಮಲ್ಲಮ್ಮ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿಯೊಂದಿಗೆ ಬಂದು ಬಾಗಿಲಲ್ಲಿ ಕೂತಳು.

"ಬ್ಯಾಟರಿ ಕೆಟ್ಟಿದೆಯಾ?" ಎಂದು ಶಿವರಂಜಿನಿ ಸುಧಾಕರನನ್ನು ಕೇಳಿದಳು.

"ಇಲ್ಲ ಮೇಡಂ. ಖಾಲಿಯಾಗಿತ್ತು, ಅಷ್ಟೆ. ಅಂಗಡೀಲಿ ಚಾರ್ಜ್ ಮಾಡಿ ತಂದಿವ್ನಿ."

ಸುಧಾಕರ ಬ್ಯಾಟರಿ ಕೂರಿಸಿ ಕಿಕ್ ಹೊಡೆದ. ಎಂಜಿನ್ ಹತ್ತಿತು. ಮೀಟರ್ ಹಚ್ಚಿ ಆಕ್ಸಿಲರೇಟರ್ ತಿರುಗಿಸಿದ, ಮುಳ್ಳು ಮೇಲೇರಿತು.

"ನೋಡಿ, ಚಾರ್ಜ್ ಆಯ್ತಾ ಅದೆ."

"ನಿಂತಾಗ ಎಲ್ಲಾದರೂ ಕರೆಂಟ್ ಸೋರುತ್ತಿದ್ದರೆ?"

ಕೀಲಿ ಆಫ್ ಮಾಡಿ ಮತ್ತೆ ಮೀಟರ್ ಹಚ್ಚಿದ. ಮುಳ್ಳು ಕದಲಲಿಲ್ಲ.

"ಅಂಗಾರೆ ದೆವ್ವ ಬಂದು ಕುಡ್ಕೊಂಡೋಯ್ತೇನ್ಲಾ?" ಎಂದ ಮಲ್ಲೇಶ್.

ಶಿವರಂಜಿನಿ ಅವನತ್ತ ತಿರುಗಿದಳು. "ಬೈಕು ನಿಮ್ಮದೇನಾ?"

"ನಮ್ಮಣ್ಣ ಗುರುಪಾದಸ್ವಾಮೀದು. ಓದ್ವರ್ಷ ಗುಂಡ್ಲುಪೇಟೆ ರೋಡಲ್ಲಿ ಚಾರ್ಜ್ ಇಲ್ದೆ ನಿಂತೋಯ್ತು. ಪಕ್ಕಕ್ಕೆ ಆಕಿ ಇಂದ್ಗಡೆ ನಿಂತಿದ್ದ. ಮುಸ್ಸಂಜೆ. ಲೈಟಿಲ್ಲ. ಲಾರಿಯೋನ್ಗೆ ಕಾಣ್ನಿಲ್ಲ." ಬೇರೆ ಯಾರದೋ ವಿಷಯವೆಂಬಂತೆ ಹೇಳಿದ. "ಆಮ್ಯಾಕೆ ಇವ್ನೇ ಚಾರ್ಜಿಂಗ್ ಕಾಯಿಲ್ ಬದಲಾಯ್ಸಿಕೊಟ್ಟ."

"ಸಂಜೆ ನಿಲ್ಲಿಸಿದ ಮೇಲೆ ಈ ಕಡೆ ಬರುತ್ತೀರಾ?"

"ಬರಲ್ಲ. ಕೀ ತಕೊಂಡೋಗಿ ದೇವ್ರ ಮನೇಲಿ ತಗಲಾಕ್ತೀನಿ."

ಶಿವರಂಜಿನಿ ಬಗ್ಗಿ ಕೀಲಿ ತೂರುವ ಕಿಂಡಿಯನ್ನು ನೋಡಿದಳು. ಕೀಲಿಯನ್ನು ಆಫ್‌ಗಿಂತ ಇನ್ನೂ ಎಡಕ್ಕೆ ತಿರುಗಿಸಿದಳು. ಟಿಕ್! ಹಿಂದಿನ ಕೆಂಪು ದೀಪ ಹತ್ತಿತು. ಕೀಲಿ ಕೈಗೆ ಬಂತು, ದೀಪ ಆರಲಿಲ್ಲ.

"ಪಾರ್ಕಿಂಗ್ ದೀಪ. ಹಳೆಯ ಬೈಕುಗಳಲ್ಲಿ ಇರುತ್ತದೆ. ನಾವು ಕೀಲಿ ಆಫ್ ಇದ್ದಾಗಿನ ಸೋರಿಕೆ ಹುಡುಕಿದೆವು. ಆದರೆ ಯಾರೋ ದಿನಾ ಇದನ್ನು ಉರಿಸುತ್ತಿದ್ದಾರೆ. ಬೆಳಗಿನವರೆಗೆ ಉರಿದರೆ ಯಾವ ಬ್ಯಾಟರಿ ಉಳಿಯುತ್ತೆ? ಈ ಕಿಂಡಿಯ ಸುತ್ತ ಬಿಳಿ ಪುಡಿ ನೋಡಿ — ವಿಭೂತಿ. ಸುಧಾಕರನ ಕೈತುಂಬ ಗ್ರೀಸು. ಮಲ್ಲೇಶ್, ನಿಮ್ಮ ಹಣೆ ಖಾಲಿ."

"ಅಣ್ಣ ಸತ್ಮೇಲೆ ಇಕ್ಕೋದು ಬುಟ್ಬುಟ್ಟೆ."

"ಹಾಗಾದರೆ ಉಳಿದವರು ನಿಮ್ಮ ತಾಯಿ."

ಎಲ್ಲರೂ ಬಾಗಿಲ ಕಡೆ ತಿರುಗಿದರು.

"ನಾನೇ ಕಣವ್ವ," ಎಂದಳು ದೊಡ್ಡಮಲ್ಲಮ್ಮ. ದನಿಯಲ್ಲಿ ಅಳುವಿರಲಿಲ್ಲ. "ಕತ್ಲಾಗ್ತಲೆ ಅಚ್ತೀನಿ. ಒತ್ತಾರೆ ಪೂಜೆ ಮುಗ್ಸಿ ಬಂದು ಆರುಸ್ತೀನಿ. ನಿಂತಿರೋ ಗಾಡಿ ಕಾಣ್ಬೇಕಲ್ವಾ?"

"ಯೋಳ್ಬಾರ್ದಾಗಿತ್ತೇನವ್ವ?" ಎಂದ ಮಲ್ಲೇಶ್.

"ನನ್ನ ಯಾರೂ ಕೇಳ್ನಿಲ್ವಲ್ಲಪ್ಪ."

ಮಲ್ಲೇಶ್ ಸುಧಾಕರನ ಮುಖ ನೋಡಲಾರದೆ ನೆಲ ನೋಡಿದ. "ದೂರು ವಾಪಸ್ ತಕೊತೀನಿ. ತಪ್ಪಾಯ್ತು ಕಣ್ಲಾ."

ಸುಧಾಕರ ತಲೆಯಾಡಿಸಿ ಮೀಟರ್ ಸುತ್ತಿಕೊಂಡ. ಹೊರಗೆ ಸುಡುವ ಬಿಸಿಲು. ದೀಪ ಆರಿಸಲು ಶಿವರಂಜಿನಿಯ ಕೈಯಲ್ಲಿದ್ದ ಕೀಲಿಗೆ ಕೈ ಚಾಚಿದ.

"ಇರ್ಲಿ ಬುಡು," ಎಂದ ಮಲ್ಲೇಶ್.