ಊರಿನದಲ್ಲದ ಮಣ್ಣು

ಒಂದು ಹನಿ ಕೆಂಪು ವೈನ್ ಸಾಕಿತ್ತು. ಗಾಜಿನ ತಟ್ಟೆಗೆ ಬಿದ್ದ ಕೂಡಲೇ ಮೃತ್ತಿಕಾದರ್ಶಕ ಯಂತ್ರ ಗುಂಯ್ ಎಂದಿತು. ಆ ಹನಿಯ ದ್ರಾಕ್ಷಿಬಳ್ಳಿ ಯಾವ ಮಣ್ಣು ಉಂಡು ಬೆಳೆದಿತ್ತೆಂದು ಪರದೆಯ ಮೇಲೆ ಬರೆಯತೊಡಗಿತು. ಪ್ರತಿ ಬಂಡೆಯಲ್ಲೂ ಸ್ಟ್ರಾಂಷಿಯಂ ಧಾತುವಿನ ಹಗುರ ಮತ್ತು ಭಾರದ ಪರಮಾಣುಗಳು ತಮ್ಮದೇ ಪ್ರಮಾಣದಲ್ಲಿರುತ್ತವೆ. ಬಂಡೆ ಸವೆದು ಮಣ್ಣಾದರೂ, ಬೇರು ಹೀರಿ ಹಣ್ಣಾದರೂ, ಹಣ್ಣು ಹುದುಗಿ ವೈನ್ ಆದರೂ ಆ ಪ್ರಮಾಣ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ವಿಜ್ಞಾನಿಗಳು ಇದಕ್ಕೆ ‘ಶಿಲಾಸಹಿ’ ಎಂದು ಹೆಸರಿಟ್ಟಿದ್ದರು. ವಿಜಯಪುರದ ಡೋಣಿ ನದಿ ದಂಡೆಯ ರೈತರು ಯಂತ್ರವನ್ನು ‘ಮಣ್ಣಿನ ಮಷಿನ್ನು’ ಎಂದು ಕರೆದು ಸುಮ್ಮನಾಗಿದ್ದರು.

ಪರದೆ ಓದಿದ ಭೂವಿಜ್ಞಾನಿ ಫರ್ಹಾನಾ ಇನಾಮದಾರ ಹುಬ್ಬು ಗಂಟಿಕ್ಕಿದಳು.

“ಮುಳವಾಡ ಅವರ, ಇದು ನಿಮ್ಮ ಹೊಲದ ಮಣ್ಣಲ್ಲ.”

ದ್ರಾಕ್ಷಿ ತೋಟದ ಒಡೆಯ ದೇವಣ್ಣ ಮುಳವಾಡ ಪರದೆಯತ್ತ ಬಾಗಿದ.

ಮುಳವಾಡ ಮನೆತನದ ವೈನಿಗೆ ಹೆಸರು ಬಂದದ್ದು ಹೊಲದ ಮೂಲೆಯ ಅರ್ಧ ಎಕರೆಯಿಂದ. ಉಳಿದ ಕರಿಮಣ್ಣಿನ ವೈನ್ ಕುಡಿದರೆ ಚೆನ್ನ, ಮರೆತರೆ ಮರೆತೇಹೋಯಿತು. ಮೂಲೆಯದು ಹಾಗಲ್ಲ, ಕಾದ ಹಂಚಿಗೆ ನೀರು ಚಿಮುಕಿಸಿದಂಥ ಘಮ, ನಾಲಿಗೆಯ ಅಂಚಿನಲ್ಲಿ ಉಳಿಯುವ ಒಗರು. ಎರಡು ಸಾವಿರದ ಐವತ್ತೆಂಟನೆಯ ಇಸವಿಯ ಹೊಸ ಕಾನೂನಿನಂತೆ, ಊರಿನದೇ ಬಂಡೆ ಸವೆದು ಆದ ಮಣ್ಣಿನಲ್ಲಿ ಬೆಳೆದ ದ್ರಾಕ್ಷಿಯ ವೈನಿಗೆ ಮಾತ್ರ ‘ನೆಲಮುದ್ರೆ’ ಎಂಬ ಸರ್ಕಾರಿ ಗುರುತು. ದೇವಣ್ಣನ ತಂದೆ ಚನಮಲ್ಲಪ್ಪ ಎಲ್ಲಿಂದಲೋ ಮಣ್ಣು ತಂದು ಆ ಮೂಲೆಗೆ ಸುರಿದಿದ್ದನೆಂದು ಪಕ್ಕದ ಹೊಲದ ಸಂಗನಬಸು ದೂರು ಕೊಟ್ಟಿದ್ದ. ಅದಕ್ಕೇ ಇವತ್ತು ಮೂಲೆಯ ವೈನಿನ ಪರೀಕ್ಷೆ. ಹೊರಗಿನ ಒಂದು ಬುಟ್ಟಿ ಮಣ್ಣೂ ತಂದಿಲ್ಲವೆಂದು ಚನಮಲ್ಲಪ್ಪ ಸಾಯುವವರೆಗೂ ಆಣೆ ಮಾಡಿದ್ದ. ಮುದ್ರೆ ಹೋದರೆ ಹೋಗಲಿ. ಅಪ್ಪನನ್ನು ಊರು ಸುಳ್ಳುಗಾರ ಎನ್ನುವುದನ್ನು ದೇವಣ್ಣ ಹೇಗೆ ಕೇಳಿಸಿಕೊಂಡಾನು?

“ನಮ್ಮಪ್ಪ ಸುಳ್ಳ ಹೇಳೋ ಮನಷ್ಯಾ ಅಲ್ರಿ ಮೇಡಂ. ನಿಮ್ಮ ಮಷಿನ್ನಿಗೇ ಏನರ ಆಗೈತಿ.”

“ಮಷಿನ್ನಿಗೆ ಏನೂ ಆಗಿಲ್ರಿ. ಇದು ಮ್ಯಾಲಿನ ಕರಿಮಣ್ಣಲ್ಲ, ಆಳದಾಗಿನ ಮಣ್ಣ ಇದ್ದಂಗ ಕಾಣತೈತಿ. ಈ ಹೊಲದಾಗ ಆಳಕ್ಕ ಎಲ್ಲೆರ ಅಗದೀರೇನು?”

“ಹಳೇ ಬಾವಿ ಒಂದೈತ್ರಿ. ಅರವತ್ತ ಫೂಟ.”

ಇಬ್ಬರೂ ಮೆಟ್ಟಿಲಿಳಿದರು. ಸುತ್ತ ಕರಿಕಲ್ಲಿನ ಗೋಡೆ. ನಲವತ್ತು ಅಡಿ ಇಳಿದಾಗ ಬ್ಯಾಟರಿಯ ಬೆಳಕಿಗೆ ಎರಡು ಕರಿಬಂಡೆಗಳ ನಡುವೆ ಆಳೆತ್ತರದ ಕೆಂಪು ಪಟ್ಟೆ ಕಂಡಿತು. ದೇವಣ್ಣ ಈ ಬಾವಿಯಲ್ಲೇ ಈಜು ಕಲಿತವನು. ಆ ಪಟ್ಟೆಯನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ.

“ಈ ಕರಿಕಲ್ಲೆಲ್ಲಾ ಒಂದ ಕಾಲಕ್ಕ ಕುದಿಯೋ ಲಾವಾ ಇತ್ತರಿ,” ಫರ್ಹಾನಾಳ ದನಿ ತಾನಾಗಿ ತಗ್ಗಿತು. “ಕೆಳಗಿನ ಪದರ ತಣ್ಣಗಾತು. ಸಾವಿರಾರು ವರ್ಷ ಬಿಸಲು ಮಳಿ ಬಿದ್ದು ಅದರ ಮ್ಯಾಲ ಈ ಮಣ್ಣಾತು. ಆಮ್ಯಾಲ ಇನ್ನೊಂದ ಲಾವಾ ಹರದು ಮುಚ್ಚಿಬಿಟ್ಟತು. ಆರೂವರಿ ಕೋಟಿ ವರ್ಷದ ಹಿಂದಿನ ಮಾತ್ರಿ ಇದು.”

ದೇವಣ್ಣ ಚಪ್ಪಲಿ ಬಿಟ್ಟ. ಯಾಕೆ ಬಿಟ್ಟನೋ ಅವನಿಗೇ ತಿಳಿಯದು. ಅಂಗೈಯನ್ನು ಕೆಂಪು ಮಣ್ಣಿಗೆ ಒತ್ತಿದ. ನೋಡಲು ಮನುಷ್ಯನೇ ಇಲ್ಲದ ಕಾಲದಲ್ಲಿ ಬಿಸಿಲು ಕಂಡ ನೆಲ ಅದು. ಅದರ ರಸವನ್ನು ತಾನು ಇಷ್ಟು ವರ್ಷ ಬಾಟಲಿಗೆ ತುಂಬುತ್ತಿದ್ದೆ ಎಂಬ ಯೋಚನೆಗೆ ಅವನ ಮೈ ಝುಮ್ಮೆಂದಿತು. ಆಗಲೇ ಇನ್ನೊಂದು ಮಾತು ಹೊಳೆಯಿತು.

“ಬಾವಿ ತೋಡಿದ ಗರಸು, ಕೆಂಪು ಮಣ್ಣೆಲ್ಲಾ ಅಪ್ಪ ಆ ಮೂಲ್ಯಾಗ ಚೆಲ್ಲಿಸಿದ್ದರಿ! ಕಸದ ಮೂಲಿ ಅಂತಿದ್ವಿ ನಾವು ಅದಕ್ಕ.” ಅವನ ಕಣ್ಣು ತುಂಬಿ ಬಂದವು. “ಹೊರಗಿನ ಮಣ್ಣಲ್ರಿ ಅದು. ಒಳಗಿಂದು.”

ಮೇಲೆ ಬಂದು ನೋಡಿದಾಗ ಬಾವಿಯ ಕೆಂಪು ಮಣ್ಣಿನ ಸಹಿ ಮೊದಲ ಹನಿಯ ಸಹಿಗೆ ಸರಿಯಾಗಿ ಹೊಂದಿತು. ಫರ್ಹಾನಾ ನಿಯಮದಂತೆ ಹೋಲಿಕೆಗಾಗಿ ಇನ್ನೆರಡು ಹನಿ ಪರೀಕ್ಷಿಸಿದಳು: ಒಂದು ದೇವಣ್ಣನದೇ ಕರಿಮಣ್ಣಿನ ವೈನ್, ಇನ್ನೊಂದು ಸಂಗನಬಸುವಿನದು. ಎರಡಕ್ಕೂ ಯಂತ್ರ ಒಂದೇ ಉತ್ತರ ಕೊಟ್ಟಿತು. ಊರಿನ ಬಂಡೆಯ ಸಹಿ ಇಲ್ಲ. ಡೋಣಿ ನದಿ ನೆರೆ ಬಂದಾಗಲೆಲ್ಲ ಮೇಲಿನ ಸೀಮೆಯಿಂದ ಹೊತ್ತು ತಂದ ಮಣ್ಣು.

“ದಂಡಿ ಮ್ಯಾಲಿನ ಎಲ್ಲಾರ ಮುದ್ರೀನೂ ಹೋಗತೈತ್ರಿ,” ಎಂದಳು ಅವಳು. “ದೂರು ಕೊಟ್ಟವರದೂ. ನಿಮ್ಮ ಮೂಲಿ ಒಂದಕ್ಕ ಸಿಗತೈತಿ.”

ಸಂಗನಬಸುವಿನ ಮುಖ ನೆನೆದು ದೇವಣ್ಣನಿಗೆ ಒಂದು ಗಳಿಗೆ ಖುಷಿಯಾದದ್ದು ಸುಳ್ಳಲ್ಲ. ಆಮೇಲೆ ಅವನು ಹೊಳೆಯ ತನಕ ಹಬ್ಬಿದ ಕಪ್ಪು ನೆಲವನ್ನು ನೋಡುತ್ತ ನಿಂತ.

“ಡೋಣಿ ಇದನ್ನ ತಂದು ಎಷ್ಟ ವರ್ಷಾತ್ರಿ?”

“ಹತ್ತ ಸಾವಿರ ಇರಬೇಕು.”

“ಹತ್ತ ಸಾವಿರ ವರ್ಷ ಇದ್ದರೂ ಊರಿಂದಲ್ಲ ಅಂದರ, ನಾವ್ಯಾರ್ರಿ ಮೇಡಂ?”

ಫರ್ಹಾನಾ ಯಂತ್ರವನ್ನು ಆರಿಸಿದಳು. ಆಮೇಲೆ ವರದಿಯ ಹಾಳೆ ತೆಗೆದಳು. ‘ಮಣ್ಣಿನ ಊರು’ ಎಂಬ, ಮುದ್ರೆ ಯಾರಿಗೆಂದು ತೀರ್ಮಾನಿಸುವ ಸಾಲಿನಲ್ಲಿ, ಮೂರು ಬಾಟಲಿಗಳ ಮುಂದೆಯೂ, ‘ಡೋಣಿ ದಂಡೆ’ ಎಂದು ತನ್ನ ಕೈಯಿಂದಲೇ ಬರೆದಳು.