ಫ್ರೇಮಿನಲ್ಲಿ ಹಿಡಿಯದ ಹನ್ನೊಂದು ಜನ

"ತಾನಾಗೇ ಬಿತ್ತು ಅಂತ ಮಾತ್ರ ಹೇಳ್ಬೇಡ," ಎಂದರು ಅಪ್ಪ. ಅವರ ಕೈಯಲ್ಲಿ ಗಾಜು ಒಡೆದ ದೊಡ್ಡ ಫೋಟೋ ಇತ್ತು.

"ಇಲ್ಲಪ್ಪ. ಹೀರೋ ಥರ ಡಸ್ಟರ್ ತಿರುಗಿಸ್ತಾ ಎಂಟ್ರಿ ಕೊಟ್ಟೆ. ಡಸ್ಟರ್ ನನಗಿಂತ ಮುಂಚೆ ಎಂಟ್ರಿ ಕೊಡ್ತು."

ಅಪ್ಪ ನಗಲಿಲ್ಲ. ಮೀಸೆ ಮಾತ್ರ ಸ್ವಲ್ಪ ಅಲುಗಿತು.

ಮಾತಿಗೊಂದು ಡೈಲಾಗ್ ಹೊಡೆಯುವ ಈ ಹುಡುಗಿಗೆ ಎಂಟನೇ ಕ್ಲಾಸಿನವರು ಇಟ್ಟ ಹೆಸರು ಪಂಚ್. ಅವಳ ಅಪ್ಪನದು ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ. ಅದಕ್ಕೇ ಹೆಡ್‌ಮಿಸ್ ಹೆಚ್ಚು ಬೈಯದೆ, "ಶುಕ್ರವಾರದೊಳಗೆ ಹೇಗಿತ್ತೋ ಹಾಗೇ ವಾಪಸ್ ಬರ್ಬೇಕು" ಎಂದು ಫೋಟೋವನ್ನು ಅವಳ ಕೈಗೇ ಕೊಟ್ಟು ಕಳಿಸಿದ್ದರು.

ಊರಿನ ಸೇತುವೆ ಕಟ್ಟಿ ಮುಗಿದ ದಿನ ತೆಗೆದ, ಸ್ಕೂಲಿನ ಕಾರಿಡಾರಿನಲ್ಲಿ ತೂಗುಹಾಕಿದ್ದ ಫೋಟೋ ಅದು. ಟೋಪಿ ಹಾಕಿದ ಆರು ಜನ ಕುರ್ಚಿಗಳಲ್ಲಿ ಕೂತಿದ್ದರು. ಅವರ ಹಿಂದಿನ ಸೇತುವೆ ನದಿಯ ಮಧ್ಯಕ್ಕೇ ನಿಂತುಬಿಟ್ಟಿತ್ತು. "ಬಜೆಟ್ ಮುಗೀತು ಅನ್ಸತ್ತೆ," ಎಂದು ಪಂಚ್ ಯಾವಾಗಲೂ ರೇಗಿಸುತ್ತಿದ್ದಳು.

ಇವತ್ತು ಆ ಸೇತುವೆಯ ಮೇಲೆ ಅವಳಿಗೆ ಸಿಟ್ಟು ಬಂದಿತ್ತು. ಬೆಳಿಗ್ಗೆ ಹಿಸ್ಟರಿ ಮಿಸ್ ಪಾಠ ಓದಿದ್ದರು: "ಸೇತುವೆಯ ಕೆಲಸಕ್ಕೆ ಹಡಗಿನಲ್ಲಿ ಕಪ್ಪು ಜನರನ್ನು ಕರೆತರಲಾಯಿತು." ಪುಸ್ತಕದಲ್ಲಿದ್ದದ್ದು ಅದೊಂದೇ ಸಾಲು. ಆದರೆ ಮೂವತ್ತೆಂಟು ತಲೆಗಳು ಒಟ್ಟಿಗೆ ತಿರುಗಿ ಪಂಚ್‌ಳನ್ನೇ ನೋಡಿದವು. ಕ್ಲಾಸಿನಲ್ಲಿ ಆ ಮೈಬಣ್ಣ, ಆ ಗುಂಗುರು ಕೂದಲು ಇದ್ದದ್ದು ಅವಳೊಬ್ಬಳಿಗೇ.

"ನಿಮ್ಮೋರ ಬಗ್ಗೆ ನೀನೇ ನಾಲ್ಕು ಮಾತು ಹೇಳಮ್ಮ," ಎಂದರು ಮಿಸ್, ಪ್ರೀತಿಯಿಂದಲೇ.

ಪಂಚ್‌ಗೆ ಒಂದು ಮಾತೂ ಗೊತ್ತಿರಲಿಲ್ಲ. "ನಾನು ಬಂದಿದ್ದು ಹಡಗಲ್ಲಲ್ಲ ಮಿಸ್, ಮೂರನೇ ನಂಬರ್ ಬಸ್ಸಲ್ಲಿ," ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ಆಮೇಲೆ ಪುಸ್ತಕದಿಂದ ತಲೆ ಎತ್ತಲಿಲ್ಲ. ಬೆಲ್ ಹೊಡೆದ ಕೂಡಲೇ ಡಸ್ಟರ್ ಎತ್ತಿಕೊಂಡು ಕಾರಿಡಾರಿಗೆ ನುಗ್ಗಿದ್ದು ಅದಕ್ಕೇ.

ಅಪ್ಪ ಫೋಟೋ ಬೋರಲು ಹಾಕಿ, ಇಕ್ಕಳದಿಂದ ಸಣ್ಣ ಮೊಳೆಗಳನ್ನು ಕಿತ್ತರು. ಹಿಂದಿನ ಹಲಗೆ ತೆಗೆದವರು ಹಾಗೇ ನಿಂತರು.

"ಏನಪ್ಪ, ಇಂಟರ್ವಲ್ಲಾ?"

"ಬಾ ಇಲ್ಲಿ."

ಫೋಟೋ ಫ್ರೇಮಿಗಿಂತ ದೊಡ್ಡದಿತ್ತು. ಬಲಗಡೆ ಒಂದು ಗೇಣಿನಷ್ಟನ್ನು ಯಾರೋ ಹಿಂದಕ್ಕೆ ಮಡಚಿಟ್ಟಿದ್ದರು. ಅಪ್ಪ ಹರಿಯದ ಹಾಗೆ ಮೆಲ್ಲಗೆ ಬಿಡಿಸಿದರು.

ಹನ್ನೊಂದು ಹೆಂಗಸರು ನೆಲದ ಮೇಲೆ ಕೂತಿದ್ದರು. ಮುಂದೆ ಕಲ್ಲು ಹೊರುವ ಬುಟ್ಟಿಗಳು. ತಲೆಗೆ ಸುತ್ತಿದ ಬಟ್ಟೆಯ ಗಂಟು ಎಲ್ಲರದ್ದೂ ಎಡಗಿವಿಯ ಮೇಲೆ. ಪಂಚ್ ತಿರುಗಿ ನೋಡಿದಳು. ಮೂಲೆಯಲ್ಲಿ ಗಾಜು ಒರೆಸುತ್ತಿದ್ದ ಅಜ್ಜಿಯ ಗಂಟೂ ಅಲ್ಲೇ ಇತ್ತು.

"ಅಜ್ಜೀ, ನಿನ್ನ ಸ್ಟೈಲ್ ಕಾಪಿ ಹೊಡ್ದಿದಾರೆ ನೋಡು."

ಅಜ್ಜಿ ಬಂದು ಬಗ್ಗಿ ನೋಡಿದರು. "ಬುಟ್ಟಿ ಬಲಗಡೆ ಹೆಗಲ ಮೇಲೆ ಹೊರ್ತಿದ್ರು. ಗಂಟು ಅಡ್ಡ ಬರಬಾರ್ದು ಅಂತ ಎಡಕ್ಕೆ ಕಟ್ಕೊಳ್ಳೋರು. ಬುಟ್ಟಿ ಹೋಯ್ತು, ಗಂಟು ಉಳೀತು." ತುದಿಯಲ್ಲಿ ಕೂತವಳ ಹತ್ತಿರ ಬೆರಳಿಟ್ಟರು. "ಇವ್ರೇ ನಮ್ಮತ್ತೆ. ನಿಮ್ಮ ತಾತನ ಅಮ್ಮ."

"ಮತ್ತೆ ಇವರನ್ನ ಮಡಚಿದ ವಿಲನ್ ಯಾರು?"

"ನಿಮ್ಮ ತಾತ."

ಪಂಚ್ ಮಡಚಿದ್ದ ಗೆರೆಯ ಮೇಲೆ ಬೆರಳಾಡಿಸುತ್ತಾ ಅಜ್ಜಿಯ ಮುಖ ನೋಡಿದಳು.

"ಆಗ ಈ ಅಂಗಡಿ ಅವ್ರದು. ಸ್ಕೂಲಿನೋರು ಫ್ರೇಮ್ ತಾವೇ ತಂದಿದ್ರು. ಇಷ್ಟರಲ್ಲೇ ಕೂರಿಸು, ಆ ಕಡೆ ಇರೋದನ್ನ ಕತ್ತರಿಸಿ ಬಿಸಾಕು ಅಂದ್ರು. ಆಗ ನಮ್ಮೋರು ಎದುರು ಮಾತಾಡೋ ಹಾಗಿರ್ಲಿಲ್ಲ ಮಗಾ. ಕತ್ತರಿ ಕೈಗೆ ತಗೊಳ್ಳೋದು, ಕೆಳಗಿಡೋದು, ಹೀಗೇ ಮಾಡಿದ್ರು. ಕೊನೆಗೆ ಮಡಚಿದ್ರು. ಮಡಚಿದ್ದನ್ನ ಯಾರಾದ್ರೂ ಬಿಡಿಸ್ತಾರೆ ಅಂದ್ರು."

ಅಪ್ಪ ಟೇಪು ಎಳೆದರು. "ಹೇಗಿತ್ತೋ ಹಾಗೇ ಅಂದಿದಾರೆ. ಹೊಸ ಗಾಜು ಹಳೇ ಅಳತೆಗೇ ಕೊಯ್ಲಾ?"

ಹಳೇ ಅಳತೆಯಾದರೆ ಕ್ಲಾಸಿನ ಯಾವ ತಲೆಯೂ ಮತ್ತೆ ತನ್ನ ಕಡೆ ತಿರುಗುವುದಿಲ್ಲ. ಪಂಚ್ ಫೋಟೋ ನೋಡಿದಳು. ತಾತನ ಅಮ್ಮ ಕ್ಯಾಮೆರಾವನ್ನೇ ಗುರಾಯಿಸುತ್ತಿದ್ದರು, ಈಗಷ್ಟೇ ಎಂಟ್ರಿ ಕೊಟ್ಟವರ ಹಾಗೆ.

"ಒಂದು ಗೇಣು ಜಾಸ್ತಿ ಕೊಯ್ಯಪ್ಪ."

ಶುಕ್ರವಾರ ಹೆಡ್‌ಮಿಸ್ ಹುಬ್ಬೇರಿಸಿದರು. "ಹೇಗಿತ್ತೋ ಹಾಗೇ ಅಂದಿದ್ನಲ್ಲಮ್ಮ?"

ಪಂಚ್ ಫ್ರೇಮನ್ನು ಇನ್ನಷ್ಟು ಎತ್ತಿ ಹಿಡಿದಳು. "ಫೋಟೋ ಹೀಗೇ ಇತ್ತು ಮಿಸ್. ಫ್ರೇಮೇ ಚಿಕ್ಕದಿತ್ತು."

ಹೆಡ್‌ಮಿಸ್ ಕನ್ನಡಕ ಹಾಕಿಕೊಂಡು ಒಂದೊಂದೇ ಮುಖ ನೋಡುತ್ತಾ ಹೋದರು. ಆಮೇಲೆ ಅಟೆಂಡರನ್ನು ಕರೆದು, "ಆ ನೋಟಿಸ್ ಬೋರ್ಡ್ ಸ್ವಲ್ಪ ಆಚೆ ಸರಿಸಪ್ಪ," ಎಂದರು.

ಹಿಸ್ಟರಿ ಮಿಸ್ ಇಡೀ ಕ್ಲಾಸನ್ನು ಕಾರಿಡಾರಿಗೆ ಕರೆತಂದರು. ಪಂಚ್ ಕಡೆ ಒಮ್ಮೆ ನೋಡಿ, ಇಡೀ ಕ್ಲಾಸಿನ ಕಡೆ ತಿರುಗಿದರು. "ಎಲ್ಲರೂ ನೋಡಿ. ಏನು ಕಾಣತ್ತೆ, ನೀವೇ ಹೇಳಿ."

ಮೂವತ್ತೆಂಟು ತಲೆಗಳು ತಿರುಗಿದವು. ಈ ಸಲ ಗೋಡೆಯ ಕಡೆಗೆ.

"ಕಲ್ಲು ಹೊತ್ತೋರು ಇವ್ರು. ಕುರ್ಚಿ ಮಾತ್ರ ಅವ್ರಿಗಾ?" ಎಂದ ಹಿಂದಿನ ಬೆಂಚಿನ ಉದ್ದಣ್ಣ.

ಪಕ್ಕದಲ್ಲಿ ನಿಂತಿದ್ದ ಗೆಳತಿ ಸೋಡಾಬುಡ್ಡಿ ತನ್ನ ದಪ್ಪ ಕನ್ನಡಕ ಏರಿಸಿಕೊಂಡಳು. "ಎಲ್ರ ಗಂಟೂ ಎಡಗಡೆನೇ ಇದೆಯಲ್ಲೇ?"

"ಬುಟ್ಟಿ ಬಲಗಡೆ ಅಲ್ವಾ, ಅದಕ್ಕೆ," ಎಂದಳು ಪಂಚ್. ಯಾರೂ ನಗಲಿಲ್ಲ. ನಗಿಸಬೇಕು ಎಂದು ಅವಳಿಗೂ ಅನಿಸಲಿಲ್ಲ.

ಮಡಚಿದ್ದ ಜಾಗದ ಬಿಳಿ ಗೆರೆ ಮಾತ್ರ ಹೋಗಿರಲಿಲ್ಲ. ಸೇತುವೆ ಆ ಗೆರೆಯನ್ನು ದಾಟಿ, ಹನ್ನೊಂದು ಜನರ ಬೆನ್ನ ಹಿಂದೆ ಹಾದು, ಆಚೆ ದಡ ಮುಟ್ಟಿತ್ತು.